ನಡುಗುವ ಕೈಗೆ ಯಾವ ಸ್ಕ್ಯಾನ್?

ಪ್ರಗತಿಪತ್ರದ ಮೇಲಿನ ಅಜ್ಜನ ಸಹಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿರುವುದು ಮೊದಲು ಮಕ್ಕಳ ಕಣ್ಣಿಗೇ ಬೀಳಬಹುದು. ಬಳಿಕ ನಡಿಗೆ ನಿಧಾನವಾಗುತ್ತದೆ. ಸುಮ್ಮನೆ ಕುಳಿತಾಗ ಒಂದು ಕೈ ನಡುಗುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ, ಅವರ ಹೆಸರನ್ನೇ ಹೊತ್ತ ರೋಗದ ಶಂಕೆ ಮೂಡುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಹೊರಡುವ ಮುನ್ನ ಮನೆಮಂದಿ ಕೇಳುವ ಪ್ರಶ್ನೆ ಒಂದೇ: ಯಾವ ಸ್ಕ್ಯಾನ್ ಮಾಡಿಸಬೇಕು?

ಈ ರೋಗವನ್ನು ನಿರ್ಣಯಿಸುವುದು ಮುಖ್ಯವಾಗಿ ನರರೋಗತಜ್ಞರ ಪರೀಕ್ಷೆಯೇ ಹೊರತು ಯಂತ್ರವಲ್ಲ. ಚಲನೆಯ ಮಂದಗತಿ, ಸ್ನಾಯುಗಳ ಬಿಗಿತ, ವಿಶ್ರಾಂತಿಯಲ್ಲಿನ ನಡುಕ, ಲೆವೊಡೋಪಾ ಔಷಧಕ್ಕೆ ದೊರೆಯುವ ಸ್ಪಂದನೆ ಇವೇ ಅದರ ಆಧಾರ. ಲಕ್ಷಣಗಳು ಸ್ಪಷ್ಟವಾಗಿದ್ದರೆ ದುಬಾರಿ ಸ್ಕ್ಯಾನಿನ ಅಗತ್ಯ ಬೀಳದಿರಬಹುದು.

ಪಾರ್ಕಿನ್ಸನ್ ರೋಗಿಯ ಸಾಮಾನ್ಯ ಎಂಆರ್‌ಐ ಚಿತ್ರ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಆದುದರಿಂದ 'ಸ್ಕ್ಯಾನಿನಲ್ಲಿ ಏನೂ ಇಲ್ಲ' ಎಂದರೆ ರೋಗವಿಲ್ಲವೆಂದು ಅರ್ಥವಲ್ಲ. ಎಂಆರ್‌ಐ ಹುಡುಕುವುದು ಇತರ ಕಾರಣಗಳನ್ನು: ಸಣ್ಣಪುಟ್ಟ ಪಾರ್ಶ್ವವಾಯುಗಳು, ಗಡ್ಡೆ, ಮೆದುಳಿನ ಕುಹರಗಳಲ್ಲಿ ಸೇರಿದ ನೀರು. ನೆಲಕ್ಕೆ ಅಂಟಿದಂಥ ನಡಿಗೆ, ಮೂತ್ರದ ಹಿಡಿತ ತಪ್ಪುವುದು, ಮರೆವು ಒಟ್ಟಿಗೆ ಕಂಡರೆ ಈ ನೀರಿನ ತೊಂದರೆಯಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದು ಸುಧಾರಿಸುವುದುಂಟು.

ಸಂದೇಹ ಉಳಿದಾಗ ಡೋಪಮೈನ್ ನರತುದಿಗಳನ್ನು ತೋರಿಸುವ ಟ್ರೊಡಾಟ್ ಸ್ಪೆಕ್ಟ್ ಅಥವಾ ಫ್ಲೋರೊಡೋಪಾ ಪೆಟ್ ನೆರವಾಗುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಅಲ್ಲಿನ ಹೊಳಪು ಕುಂದಿರುತ್ತದೆ. ವಂಶಪಾರಂಪರ್ಯವಾಗಿ ಬರಬಹುದಾದ ಸಾಮಾನ್ಯ ಕೈನಡುಕದಲ್ಲಾಗಲಿ, ಕೇವಲ ಔಷಧದಿಂದ ಬಂದ ನಡುಕದಲ್ಲಾಗಲಿ ಕುಂದಿರುವುದಿಲ್ಲ. ಆದರೆ ಪಾರ್ಕಿನ್ಸನ್ನನ್ನು ಹೋಲುವ, ಬೇಗನೆ ಉಲ್ಬಣಿಸುವ ಬೇರೆ ನರಕ್ಷಯ ರೋಗಗಳಲ್ಲಿಯೂ ಹೊಳಪು ಕುಂದುವುದರಿಂದ, ಅವುಗಳನ್ನು ಬೇರ್ಪಡಿಸಲು ಇದು ಸಾಲದು. ಅಲ್ಲಿ ಮೆದುಳಿನ ಗ್ಲುಕೋಸ್ ಬಳಕೆಯನ್ನು ತೋರುವ ಎಫ್‌ಡಿಜಿ ಪೆಟ್ ಉಪಯುಕ್ತ.

ಇವೆಲ್ಲಕ್ಕೂ ಮೊದಲು ಹಣ ಬೇಡದ ಪರೀಕ್ಷೆಯೊಂದಿದೆ: ಅಜ್ಜನ ಮಾತ್ರೆಗಳ ಚೀಲವನ್ನು ಬಿಚ್ಚಿ ನೋಡುವುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್, ಹೊಟ್ಟೆಯುಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್ ಇದೇ ಲಕ್ಷಣಗಳನ್ನು ತರಬಲ್ಲವು. ಸ್ವತಃ ನಿಲ್ಲಿಸಬೇಡಿ, ಎಲ್ಲವನ್ನೂ ವೈದ್ಯರಿಗೆ ತೋರಿಸಿ.

ಗಡಿಯಾಚೆಗೂ ಈಚೆಗೂ ಓಡಾಡುವ ನಮ್ಮ ಚೀಟಿಗಳು ಒಂದೆಡೆ ಇರುವುದೇ ಅಪರೂಪ. ನಡುಕ ಯಾವ ಬದಿಯಲ್ಲಿ, ಎಂದಿನಿಂದ ಎಂಬುದನ್ನು ಮಕ್ಕಳು ಕನ್ನಡದಲ್ಲಿಯೇ ಬರೆದಿಡಲಿ. ನೀವು ಅದನ್ನು ನೋಡಿ ಹೇಳಿರಿ. ಕೊನೆಗೆ ಒಂದು ಮಾತು ಕೇಳಲು ಅಂಜಬೇಡಿ: "ಈ ಸ್ಕ್ಯಾನಿನ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ?" ಆಯ್ಕೆಗೆ ದಾರಿ ತೋರುವುದು ಆ ಉತ್ತರವೇ.