ಕೂಡಿಸಿದ್ದು ಮದ್ದೋ, ಮೂಳೆಯೋ?

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರುಗಳಲ್ಲಿ ತೆಂಗಿನ ಮರದಿಂದ ಬಿದ್ದವರನ್ನು, ಬೈಕಿನಿಂದ ಉರುಳಿದವರನ್ನು ಆಸ್ಪತ್ರೆಗಿಂತ ಮೊದಲು ‘ಪುತ್ತೂರು ಕಟ್ಟು’ ಹಾಕುವವರ ಬಳಿಗೆ ಕರೆದೊಯ್ಯುವುದುಂಟು. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರಿನ ದಬ್ಬೆ, ಬಿಗಿಯಾಗಿ ಸುತ್ತಿದ ಬಟ್ಟೆ. ಎಷ್ಟೋ ಜನರ ಮೂಳೆ ಕೂಡಿಯೂ ಬಿಡುತ್ತದೆ. ಕೂಡಿಸಿದ್ದು ಯಾವುದು? ಅಲುಗದಂತೆ ಹಿಡಿದಿಟ್ಟರೆ ಮೂಳೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಚರ್ಮದಲ್ಲಿ ಉಳಿಯುವಂಥ ಕಲೆಯೂ ಅಲ್ಲಿ ಉಳಿಯುವುದಿಲ್ಲ. ಸೊಪ್ಪಿನ ರಸವಿಲ್ಲದೆಯೂ ಅದು ಕೂಡುತ್ತಿತ್ತೇ ಎಂದು ಕೇಳದೆ ರಸಕ್ಕೆ ಹೆಸರು ಕೊಡಲಾಗದು.

ಈ ಪ್ರಶ್ನೆಯನ್ನು ನಾಟಿ ವೈದ್ಯರಿಗೆ ಕೇಳುವುದು ಸುಲಭ. ಪ್ರಯೋಗಾಲಯಗಳಿಗೂ ಅಷ್ಟೇ ಗಟ್ಟಿಯಾಗಿ ಕೇಳಬೇಕು ಎಂಬುದು ನನ್ನ ವಾದ.

ಹೆದ್ದಾರಿಯ ಅಪಘಾತದಲ್ಲಿ ಮೂಳೆಯ ತುಂಡೇ ಕಳೆದುಹೋದಾಗ, ಸೋಂಕು ತಗುಲಿದ ಭಾಗವನ್ನು ಕೆತ್ತಿ ತೆಗೆದಾಗ, ಗಡ್ಡೆ ತೆಗೆದ ಜಾಗ ಖಾಲಿ ಉಳಿದಾಗ ದೇಹದ ಶಕ್ತಿಯೊಂದೇ ಸಾಲುವುದಿಲ್ಲ. ರೋಗಿಯ ಸೊಂಟದ ಮೂಳೆಯಿಂದಲೇ ಚೂರು ತೆಗೆದು ತುಂಬುವುದು ಇಂದಿಗೂ ಎಲ್ಲಕ್ಕಿಂತ ನಂಬಿಕೆಯ ದಾರಿ. ಆದರೆ ಅದು ಇನ್ನೊಂದು ಗಾಯ, ಇನ್ನೊಂದು ನೋವು. ಸಿಗುವ ಮೂಳೆಯೂ ಸ್ವಲ್ಪ. ಹಾಗಾಗಿಯೇ ಕೃತಕ ವಸ್ತುವಿನ ಹುಡುಕಾಟ. ಜರ್ಮನಿಯ ಡ್ರೀಸ್‌ಮನ್ 1892ರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಮೂಳೆಗೆ ಅಂಟಿಕೊಳ್ಳುವ ಗಾಜನ್ನು ಮಾಡಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡವೂ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೂ ಇಂಥ ವಸ್ತುಗಳ ಮೇಲೆ ದುಡಿದಿವೆ. ಇಂಥ ವಸ್ತುಗಳಲ್ಲಿ ಹೆಚ್ಚು ಬಳಕೆಯಾಗುವವುಗಳಲ್ಲಿ ಒಂದು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಸೇರಿದ ಖನಿಜವಿದು. ನಮ್ಮ ಮೂಳೆಯಲ್ಲಿರುವ ಖನಿಜದ ಹತ್ತಿರದ ಬಂಧು.

ಇದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಪ್ರಾಣಿಯ ಮೂಳೆಯಲ್ಲಿ ರಂಧ್ರ ಕೊರೆದು ತುಂಬುತ್ತಾರೆ. ಚಿಕ್ಕ ರಂಧ್ರವಾದರೆ ಏನನ್ನು ತುಂಬಿದರೂ ಮುಚ್ಚಿಕೊಳ್ಳುತ್ತದೆ, ಏನೂ ತುಂಬದಿದ್ದರೂ ಮುಚ್ಚಿಕೊಳ್ಳುತ್ತದೆ. ಅದಕ್ಕೇ ತಾನಾಗಿ ಎಂದೂ ಮುಚ್ಚದಷ್ಟು ದೊಡ್ಡ ರಂಧ್ರ ಬೇಕು: ಇಲಿಯ ತಲೆಬುರುಡೆಯಲ್ಲಿ 8 ಮಿ.ಮೀ., ಮೊಲದ ಬುರುಡೆಯಲ್ಲಿ 15 ಮಿ.ಮೀ. ಎಂಬುದು ರೂಢಿಯ ಅಳತೆ. ಜೊತೆಗೆ ಖಾಲಿ ಬಿಟ್ಟ ರಂಧ್ರವೂ ಇರಬೇಕು, ಸೊಂಟದ ಮೂಳೆ ತುಂಬಿದ ರಂಧ್ರವೂ ಇರಬೇಕು. ಖಾಲಿಗಿಂತ ಮೇಲು ಎಂದಷ್ಟೇ ತೋರಿಸಿದ ವಸ್ತು ರೋಗಿಗೆ ಬೇಕಾದ ಉತ್ತರವನ್ನು ಇನ್ನೂ ಕೊಟ್ಟಿಲ್ಲ. ಈ ಹೋಲಿಕೆಗಳಿಲ್ಲದೆ ಮೊಲಗಳನ್ನು ಕೊಲ್ಲುವುದು ನನಗೆ ವೈಜ್ಞಾನಿಕ ದೋಷವಾಗಿ ಮಾತ್ರ ಕಾಣುವುದಿಲ್ಲ, ಅನ್ಯಾಯವಾಗಿಯೂ ಕಾಣುತ್ತದೆ. ಆ ಜೀವಗಳು ಹೋದದ್ದು ಯಾವ ಉತ್ತರಕ್ಕೂ ಅಲ್ಲ.

ಇನ್ನೊಂದು ತೊಡಕು ಅಳೆಯುವುದರಲ್ಲಿದೆ. ಎಕ್ಸ್‌ರೇಯಲ್ಲಿ ಹೈಡ್ರಾಕ್ಸಿಅಪಟೈಟ್ ತಾನೇ ಬೆಳ್ಳಗೆ ಕಾಣುತ್ತದೆ. ಹೊಸ ಮೂಳೆಯೂ ಬೆಳ್ಳಗೇ. ಚಿತ್ರ ತುಂಬಿಕೊಂಡಂತೆ ಕಂಡರೂ ಒಳಗೆ ಬೆಳೆದದ್ದೆಷ್ಟು, ತುಂಬಿದ್ದೇ ಉಳಿದದ್ದೆಷ್ಟು ಎಂದು ತಿಳಿಯಲು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಬಗ್ಗಿಸಿ ತಿರುಚಿ ಬಲ ಅಳೆಯಬೇಕು. ಬಿಳುಪನ್ನು ಬಲವೆಂದು ನಂಬುವುದು ಎಷ್ಟು ಅಪಾಯ ಎಂಬುದಕ್ಕೆ 1990ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ತಂಡ ಪ್ರಕಟಿಸಿದ ಪರೀಕ್ಷೆ ಸಾಕ್ಷಿ. ಮೂಳೆ ಸವೆದ 202 ಮಹಿಳೆಯರಲ್ಲಿ ಒಂದು ಗುಂಪಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟರು. ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ. 35ರಷ್ಟು ಏರಿತು. ಬೆನ್ನಿನ ಮುರಿತ ಗಣನೀಯವಾಗಿ ಇಳಿಯಲಿಲ್ಲ. ಉಳಿದ ಮೂಳೆಗಳ ಮುರಿತ ಹೆಚ್ಚಿತು.

ಫ್ಲೋರೈಡಿನ ಮಾತು ನಮಗೆ ದೂರದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ದಾಟಿದೆ. ಶುದ್ಧ ನೀರಿನ ಘಟಕಗಳು ಊರೂರಿಗೆ ಬಂದದ್ದಕ್ಕೆ ಅದೂ ಒಂದು ಕಾರಣ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಮೂಳೆಯ ಖನಿಜದಲ್ಲಿ ಹೈಡ್ರಾಕ್ಸಿಲ್‌ನ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಅವರ ಮೂಳೆ ದಟ್ಟವಾಗಿರಬಹುದು, ಆದರೆ ಅದು ಎಲ್ಲರ ಮೂಳೆಯಂತಲ್ಲ. ಪರೀಕ್ಷೆಯ ಮೊಲವೋ ಎಳೆಯದು, ಆರೋಗ್ಯವಂತ, ಒಳ್ಳೆಯ ನೀರು ಕುಡಿದದ್ದು. ಅದರಲ್ಲಿ ಗೆದ್ದ ವಸ್ತು ಅರವತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ, ಬೀಡಿ ಸೇದುವ, ಫ್ಲೋರೈಡ್ ನೀರು ಕುಡಿದ ರೈತನಲ್ಲೂ ಗೆಲ್ಲುತ್ತದೆ ಎನ್ನಲು ಆಧಾರವೇನು?

ಪ್ರತಿಯೊಂದು ಬಗೆಯ ದೇಹದ ಮೇಲೂ ಪರೀಕ್ಷೆ ನಡೆಯಲಿ ಎಂದರೆ ಕಾಲು ಉಳಿಸಿಕೊಳ್ಳಲು ಕಾದವರು ಕಾಯುತ್ತಲೇ ಇರಬೇಕಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಎಲ್ಲವನ್ನೂ ಮೊದಲೇ ತಿಳಿಯಲಾಗದು, ಒಪ್ಪುತ್ತೇನೆ. ಆದರೆ ಮೊದಲು ತಿಳಿಯಲಾಗದ್ದನ್ನು ಆಮೇಲಾದರೂ ಪ್ರಾಮಾಣಿಕವಾಗಿ ನೋಡಬೇಕಲ್ಲ. ಮೂಳೆ ಬೆಳೆಸುವ ಬಿಎಂಪಿ-2 ಎಂಬ ಪ್ರೋಟೀನಿಗೆ ಅಮೆರಿಕದಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆಂದು 2002ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಮಾರುವ ಕಂಪನಿಯ ಹಣದಲ್ಲಿ ನಡೆದ 13 ಅಧ್ಯಯನಗಳು, 780 ರೋಗಿಗಳು. ಪ್ರೋಟೀನಿನಿಂದ ಕೆಡುಕಾಯಿತೆಂದು ಒಂದೂ ವರದಿಯಿಲ್ಲ. 2011ರಲ್ಲಿ ಬೆನ್ನುಮೂಳೆ ತಜ್ಞರ ಪತ್ರಿಕೆಯೊಂದು ಮರುಪರಿಶೀಲನೆ ಪ್ರಕಟಿಸಿ, ಆ ಅಧ್ಯಯನಗಳಲ್ಲಿ ಮರೆಯಾಗಿದ್ದ ತೊಂದರೆಗಳನ್ನು ಬೆಳಕಿಗೆ ತಂದಿತು.

ನಮ್ಮಲ್ಲಿ 2018ರ ಜನವರಿಯಿಂದ ವೈದ್ಯಕೀಯ ಸಾಧನಗಳ ನಿಯಮಾವಳಿ ಜಾರಿಯಲ್ಲಿದೆ. ಸಾಧನಗಳಿಂದಾದ ಕೆಡುಕನ್ನು ವರದಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮವೂ 2015ರಿಂದ ಇದೆ. ಆದರೆ ಕೀವಾದರೆ, ಜ್ವರ ಬಂದರೆ ಅದು ಕೆಡುಕು ಎಂದು ಗೊತ್ತಾಗುತ್ತದೆ. ಮೂಳೆ ಸುಮ್ಮನೆ ಕೂಡದೆ ಉಳಿದದ್ದನ್ನು ಯಾರು ಬರೆಸುತ್ತಾರೆ? ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ಬಸ್ ಚಾರ್ಜಿಗೂ ಕೂಲಿಗೂ ಲೆಕ್ಕ ಹಾಕಿ ಎರಡನೇ ವರ್ಷದ ತಪಾಸಣೆ ಬಿಡುತ್ತಾರೆ. ಆಗ ಅಧ್ಯಯನದ ಪಟ್ಟಿಯಿಂದಲೂ ಅವರ ಹೆಸರು ಬಿಟ್ಟುಹೋಗುತ್ತದೆ. ವಸ್ತು ಮಾರುವ ಕಂಪನಿಯ ಖರ್ಚಿನಲ್ಲಿ, ಆದರೆ ಅದರ ಕೈಗೆ ಸಿಗದ ಸರ್ಕಾರಿ ದಾಖಲೆಯೊಂದರಲ್ಲಿ ಪ್ರತಿ ರೋಗಿಯ ವಯಸ್ಸು, ಸಕ್ಕರೆ ಕಾಯಿಲೆ, ತಂಬಾಕು, ಕುಡಿಯುವ ನೀರಿನ ಫ್ಲೋರೈಡ್ ಮಟ್ಟ ಇರಬೇಕು. ಎರಡನೇ ವರ್ಷ, ಐದನೇ ವರ್ಷ ಅವರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿ, ಎಕ್ಸ್‌ರೇ ತೆಗೆದು, ಚಿಕಿತ್ಸೆಯಾದ ಕಾಲಿನ ಮೇಲೆ ಭಾರ ಹಾಕಿ ತೋಟದ ಕೆಲಸ ಮಾಡಲು ಆಗುತ್ತಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು.