ಬಿಸಿಲಿನ ಲೆಕ್ಕಕ್ಕೆ ತೇವಾಂಶವೂ ಸೇರಲಿ

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ 40 ಡಿಗ್ರಿ ಬಿಸಿಲಿದ್ದರೂ ಬೇವಿನ ನೆರಳಿಗೆ ಬಂದರೆ ಜೀವ ತಂಪಾಗುತ್ತದೆ. ಮಂಗಳೂರಿನಲ್ಲಿ 35 ಡಿಗ್ರಿಗೇ ಮೈ ತೊಯ್ಯುತ್ತದೆ. ಒಣಗಾಳಿಯಲ್ಲಿ ಬೆವರು ಬೇಗ ಆರಿ ದೇಹ ತಣಿಯುತ್ತದೆ, ತೇವದ ಗಾಳಿಯಲ್ಲಿ ಆರುವುದಿಲ್ಲ. ಹವಾಮಾನ ಇಲಾಖೆಯೂ ಬಿಸಿಗಾಳಿಗೆ ಬಯಲಿನಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿಯ ಮಿತಿ ಇಟ್ಟಿದೆ. ಹಾಗಾದರೆ ಒಣ ಬಿಸಿಲು ನಿರಪಾಯವೇ? ಅಲ್ಲ, ಬೆವರು ಕಾಣದಂತೆ ಆರುವುದರಿಂದ ಮೈಯ ನೀರು ಬತ್ತಿದ್ದೇ ತಿಳಿಯುವುದಿಲ್ಲ.

ಬಿಸಿಲು ನಮಗೇನು ಹೊಸದಲ್ಲ ಎಂಬ ಮಾತೂ ಸಾಲದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಋತುವಿನ ಲೆಕ್ಕ ತಪ್ಪಿ ಬೇಸಿಗೆಯಲ್ಲೇ ಗಾಳಿ ತೇವಗೊಂಡರೆ, ಒಣಹವೆಯನ್ನೇ ನಂಬಿದ ಕೂಲರ್ ಕೈಕೊಡುತ್ತದೆ. ಜಿಲ್ಲಾಡಳಿತದ ಎಚ್ಚರಿಕೆಯಲ್ಲಿ ಉಷ್ಣಾಂಶದ ಜೊತೆ ತೇವಾಂಶವೂ ಇರಲಿ; ಬಯಲಿನ ಕೂಲಿ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ.