ಮಗನ ಗುರಿಯನ್ನು ಏಜೆಂಟ್ ಬರೆಯುವುದಾ?

ಕಳೆದ ತಿಂಗಳು ಒಂದು ರಾತ್ರಿ, ಟಿವಿಡೇಲ್‌ನ ನಮ್ಮ ಬಾಡಿಗೆ ಮನೆಯ ಅಡುಗೆ ಕೋಣೆಯಲ್ಲಿ ಕೂತು ಎರಡು ಪುಟದ ಒಂದು ಕಾಗದ ಓದಿದೆ. ಉಳ್ಳಾಲ ಕಡೆಯ ಹುಡುಗನೊಬ್ಬ ಊರಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮುಗಿಸಿ, ಇಲ್ಲಿ ಒಂದು ವರ್ಷದ ಎಂಎಸ್ಸಿಗೆ ಬಂದು ನಮ್ಮ ಮೇಲಿನ ಕೋಣೆಯಲ್ಲಿದ್ದಾನೆ. ಅಡ್ಮಿಷನ್ನಿಗೆ ಅವನು ಕೊಟ್ಟಿದ್ದ ಕಾಗದ ಅದು: ನನ್ನ ಸಂಶೋಧನಾ ಹಿನ್ನೆಲೆ ಮತ್ತು ಶೈಕ್ಷಣಿಕ ಗುರಿ. ಈಗ ಪಿಎಚ್.ಡಿ.ಗೆ ಅರ್ಜಿ ಹಾಕಬೇಕಂತೆ, ಇದನ್ನೇ ಸ್ವಲ್ಪ ತಿದ್ದಿ ಕಳಿಸಿದರೆ ಆಗುತ್ತದಾ ಎಂದು ಕೇಳಿದ. ನಾನು ಪಿಯುಸಿ ಓದಿದವ, ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವ. ಆದರೂ ಓದಿದೆ.

ಇಂಗ್ಲಿಷ್ ಬಹಳ ಚಂದ. ಚಿಕ್ಕಂದಿನಿಂದಲೇ ಕಂಪ್ಯೂಟರಿನ ಮೇಲೆ ಅಪಾರ ಕುತೂಹಲ, ಬ್ಲಾಕ್‌ಚೈನ್ ಮತ್ತು ಡೀಪ್ ಲರ್ನಿಂಗ್‌ನಲ್ಲಿ ಆಳವಾದ ಆಸಕ್ತಿ, ಮುಂದೆ ಸಂಶೋಧನೆ ಮಾಡಿ ಸಮಾಜಸೇವೆ.

"ಈ ಬ್ಲಾಕ್‌ಚೈನ್ ಅಂದರೆ ಎಂತ ಮಗಾ?" ಎಂದೆ.

ಹುಡುಗ ತಲೆ ತಗ್ಗಿಸಿದ. "ಅದು ಏಜೆಂಟ್ ಬರೆದದ್ದು ಕಾಕಾ. ನಾನು ಸೈನ್ ಮಾಡಿದ್ದು ಮಾತ್ರ."

ಅವನ ಬಾಪ ಜುಬೈಲ್‌ನಲ್ಲಿ ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಬೆಂದವರು. ಉಮ್ಮನ ಚಿನ್ನ ಬ್ಯಾಂಕಿನಲ್ಲಿದೆ. ಇಷ್ಟೆಲ್ಲ ಹಣ ಯಾವ ಕಾಗದದ ಮೇಲೆ ಹೋಯಿತೋ, ಆ ಕಾಗದವನ್ನು ಮನೆಯಲ್ಲಿ ಒಬ್ಬರೂ ಓದಿಲ್ಲ. ಬರೆದವನಿಗೆ ಹುಡುಗ ಗೊತ್ತಿಲ್ಲ, ಹುಡುಗನಿಗೆ ಬರೆದದ್ದು ಗೊತ್ತಿಲ್ಲ. ಹತ್ತು ಸೆಂಟ್ಸ್ ಜಾಗ ಖರೀದಿಸುವಾಗ ಆರ್‌ಟಿಸಿಯನ್ನು ಮೂರು ಸಲ ಓದಿಸುವ ಜನ ನಾವು!

"ಎಲ್ಲರೂ ಹೀಗೇ ಮಾಡುವುದು, ಹುಡುಗ ಹೋಗುವುದು ಕೆಲಸಕ್ಕೆ, ಸಂಶೋಧನೆ ಯಾರಿಗೆ ಬೇಕು?" ಎನ್ನುವವರು ಇದ್ದಾರೆ. ಸರಿ, ಕೆಲಸದ ಲೆಕ್ಕವನ್ನೇ ನೋಡುವ. ತರಗತಿ ಇರುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಮಾಮೂಲಿ ಎಂಎಸ್ಸಿಗೆ ಬಂದವರು 2024ರ ಜನವರಿಯಿಂದ ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಸಂಶೋಧನಾ ಪದವಿಯವರು ತರಬಹುದು. ಓದು ಮುಗಿದ ಮೇಲೆ ಸಿಗುತ್ತಿದ್ದ ಎರಡು ವರ್ಷದ ಗ್ರಾಜುಯೇಟ್ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಪಿಎಚ್.ಡಿ. ಮಾಡಿದವರಿಗೆ ಮಾತ್ರ ಮೂರು ವರ್ಷ ಹಾಗೆಯೇ ಉಂಟು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈಯಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ಸ್ವಲ್ಪ ರಿಯಾಯಿತಿ. ಈ ಬಾಗಿಲುಗಳನ್ನು ಬ್ಲಾಕ್‌ಚೈನ್ ಅಂದರೇನೆಂದು ಗೊತ್ತಿಲ್ಲದ ಹುಡುಗ ಹೇಗೆ ದಾಟುತ್ತಾನೆ? ಇನ್ನು, ಮಾಡದ ಪ್ರಾಜೆಕ್ಟಿಗೆ ಸುಳ್ಳು ಸರ್ಟಿಫಿಕೇಟ್ ಸೇರಿಸುವ ಏಜೆಂಟರೂ ಇದ್ದಾರೆ. ವೀಸಾ ಅರ್ಜಿಯಲ್ಲಿ ಮೋಸ ಸಿಕ್ಕಿಬಿದ್ದರೆ 10 ವರ್ಷದವರೆಗೆ ಈ ದೇಶದ ಆಸೆ ಬಿಡಬೇಕಾದೀತು. ಆಗ ಬರೆದವನು ಫೋನ್ ಎತ್ತುವುದಿಲ್ಲ.

ಇನ್ನೊಂದು ಮಾತನ್ನು ಏಜೆಂಟ್ ನಿಮಗೆ ಹೇಳುವುದಿಲ್ಲ. ಫೀಸ್ ಕಟ್ಟಿ ಬರುವ ಹುಡುಗನ ಮೇಲೆ ಅವನಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಉಂಟು. ಸ್ಟೈಪೆಂಡ್ ಸಿಗುವ ಪಿಎಚ್.ಡಿ.ಯಲ್ಲಿ ಅವನಿಗೆಂತ ಲಾಭ? ಬ್ರಿಟನ್ ಸರಕಾರದ ಸಂಶೋಧನಾ ಸಂಸ್ಥೆ ಯುಕೆಆರ್‌ಐ ಕೊಡುವ ಸ್ಟೈಪೆಂಡ್ 2025-26ರಲ್ಲಿ ವರ್ಷಕ್ಕೆ ಕನಿಷ್ಠ 20,780 ಪೌಂಡ್. 2021ರಿಂದ ಅದರಲ್ಲಿ ಒಂದು ಪಾಲು ವಿದೇಶಿ ವಿದ್ಯಾರ್ಥಿಗಳಿಗೂ ತೆರೆದಿದೆ. ಸ್ಪರ್ಧೆ ಜೋರು, ಸುಲಭ ಅಂತ ನಾನು ಹೇಳುವುದಿಲ್ಲ. ಊರಲ್ಲೇ ಗೇಟ್ ಬರೆದು ಐಐಎಸ್ಸಿ, ಸುರತ್ಕಲ್ ಎನ್‌ಐಟಿಕೆ ಎಂದು ಪ್ರಯತ್ನಿಸುವ ದಾರಿಯೂ ಇದೆ. ನಮ್ಮ ಮಕ್ಕಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು, ಆ ಜಗಳ ಬೇರೆಯೇ ಆಡಬೇಕು. ಆದರೆ ಇವೆಲ್ಲ ಕಡೆಯೂ ಕೇಳುವ ಪ್ರಶ್ನೆ ಒಂದೇ: ನೀನು ಏನು ಮಾಡಿದ್ದಿ, ಎಲ್ಲಿ ಸಿಕ್ಕಿಬಿದ್ದಿ, ಮುಂದೆ ಎಂತ ಹುಡುಕುತ್ತಿ?

ಅದನ್ನೇ ಹುಡುಗನಿಗೆ ಕೇಳಿದೆ. ಫೈನಲ್ ಇಯರ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದದ್ದು, ಒಪ್ಪಿಕೊಂಡ. "ಬೇರೆ ಏನೂ ಮಾಡಿಲ್ಲವಾ?" ಎಂದಾಗ ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ಮೀನಿನ ವ್ಯಾಪಾರದ ಮಾವನಿಗೆ ಫೋನಿನಲ್ಲಿ ಲೆಕ್ಕ ಬರೆಯುವ ಒಂದು ಆ್ಯಪ್ ಮಾಡಿದ್ದನಂತೆ. ಮಾವನಿಗೆ ಟೈಪ್ ಮಾಡಲು ಬಾರದು, ಹೇಳಿದರೆ ಫೋನ್ ಬರೆದುಕೊಳ್ಳಬೇಕು. ಕನ್ನಡ ಹೇಳಿದರೆ ಬರೆಯುತ್ತದೆ. ಆದರೆ ಮಾವ ಲೆಕ್ಕ ಮಾಡುವುದು ಬ್ಯಾರಿಯಲ್ಲಿ! ಫೋನ್ ಏನೇನೋ ಬರೆಯಿತಂತೆ. ನಾಲ್ಕು ತಿಂಗಳು ಗುದ್ದಾಡಿ ಬಿಟ್ಟಿದ್ದಾನೆ.

ಅಯ್ಯೋ ಮಾರಾಯ, ಇದಲ್ಲವಾ ಸಂಶೋಧನಾ ಹಿನ್ನೆಲೆ! ಏಜೆಂಟ್ ಕೇಳಲಿಲ್ಲ, ಇವನು ಹೇಳಲಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರ ಜೂನಿನಲ್ಲಿ 110 ಹೊಸ ಭಾಷೆ ಸೇರಿದಾಗ ನಮ್ಮ ನೆರೆಯ ತುಳು ಬಂತು, ಬ್ಯಾರಿ ಬರಲಿಲ್ಲ. ಯಂತ್ರಕ್ಕೆ ಒಂದು ಭಾಷೆ ಕಲಿಸಲು ಗಂಟೆಗಟ್ಟಲೆ ಮಾತಿನ ರೆಕಾರ್ಡಿಂಗ್ ಬೇಕು, ಅದನ್ನು ಕೇಳಿ ಬರೆದಿಟ್ಟ ಅಕ್ಷರ ಬೇಕು. ನಮ್ಮದು ಬಾಯಲ್ಲಿ ಬದುಕಿದ ಭಾಷೆ, ಅಕ್ಷರ ಕಡಿಮೆ. ಇಂಥ ಭಾಷೆಗಳಿಗೆ ಕಡಿಮೆ ಸಾಮಗ್ರಿಯಲ್ಲಿ ಹೇಗೆ ಕಲಿಸುವುದು ಎಂಬುದು ಕಂಪ್ಯೂಟರ್ ಸೈನ್ಸಿನಲ್ಲಿ ದೊಡ್ಡ ಪ್ರಶ್ನೆ. ಅದಕ್ಕೆ ಬೇಕಾದ ಸಾಮಗ್ರಿ ಉಳ್ಳಾಲದ ಧಕ್ಕೆಯಲ್ಲಿ ಬೇಕಾದಷ್ಟಿದೆ.

ಮರುದಿನ ಅವನನ್ನು ಬಸ್ಸಿನಲ್ಲಿ ಡಡ್ಲಿಯ ಬ್ಲ್ಯಾಕ್ ಕಂಟ್ರಿ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ನ್ಯೂಕಮನ್ ಎಂಬ ಕಬ್ಬಿಣದ ವ್ಯಾಪಾರಿ 1712ರಲ್ಲಿ ಈ ಸುತ್ತಿನಲ್ಲೇ ನಿಲ್ಲಿಸಿದ ಹಬೆ ಎಂಜಿನ್ನಿನ ಪೂರ್ಣ ಗಾತ್ರದ ಮಾದರಿ ಅಲ್ಲಿದೆ. ಕಲ್ಲಿದ್ದಲ ಗಣಿಯಲ್ಲಿ ನೀರು ತುಂಬುತ್ತಿತ್ತು, ಎತ್ತಬೇಕಿತ್ತು, ಅಷ್ಟೇ ಅವನ ತಲೆಬಿಸಿ. ಆ ನೀರಿನಿಂದ ಶುರುವಾದದ್ದು ಎಲ್ಲಿಗೆ ಮುಟ್ಟಿತು ನೋಡಿ.

ಹುಡುಗ ಈಗ ಹಳೆ ಕಾಗದ ಬದಿಗಿಟ್ಟು ತಾನೇ ಬರೆಯುತ್ತಿದ್ದಾನೆ. ಇಂಗ್ಲಿಷ್ ಮೊದಲಿನಷ್ಟು ಚಂದ ಇಲ್ಲ. ಸೀಟು ಸಿಗುತ್ತದೋ ಇಲ್ಲವೋ, ಅಲ್ಲಾಹನಿಗೆ ಗೊತ್ತು.

ಗಲ್ಫಿನಲ್ಲಿರುವ ಸಹೋದರರೇ, ಊರಲ್ಲಿರುವ ಉಮ್ಮಂದಿರೇ, ಮುಂದಿನ ಸೆಪ್ಟೆಂಬರ್ ಅಡ್ಮಿಷನ್ನಿಗೆ ಹಣ ಕಟ್ಟುವ ಮೊದಲು ಆ ಎರಡು ಪುಟ ತರಿಸಿ. ಇಂಗ್ಲಿಷ್ ನಿಮಗೆ ಬಾರದಿದ್ದರೆ ತೊಂದರೆ ಇಲ್ಲ. ಅದರಲ್ಲಿ ಏನಿದೆ ಎಂದು ಮಗನೇ, ಮಗಳೇ ನಿಮ್ಮ ಮುಂದೆ ಕೂತು ಬ್ಯಾರಿಯಲ್ಲಿ ಹೇಳಲಿ. ಹೇಳಲು ಬಾರದಿದ್ದರೆ, ಚಿನ್ನ ಬ್ಯಾಂಕಿಗೆ ಕೊಂಡುಹೋಗಬೇಡಿ.